ದನಿಯಿಲ್ಲದ ಡಬ್ಬಿ

ಟಿವಿಗೆ ಒಂದು ಡಬ್ಬಿ ತರೋಣ ಎಂದು ನಾನು ಬಾಯಿ ಬಿಟ್ಟು ಹೇಳಿದ ದಿನ ನಮ್ಮ ಯಜಮಾನರು ಚಹಾದ ಬಸಿ ಕೆಳಗಿಟ್ಟು ನನ್ನ ಹಣೆ ಮುಟ್ಟಿ ನೋಡಿದರು. ಅವರ ತಪ್ಪೇನಿಲ್ಲ. ಮದುವೆಯಾಗಿ ಬಂದಾಗಿನಿಂದ ಡಬ್ಬಿ ಬೇಡ ಎಂದು ಹಟ ಹಿಡಿದವಳು ನಾನೇ. ಕಂಡವರ ಒಲೆಯ ಮೇಲೆ ಏನು ಬೇಯುತ್ತಿದೆ ಎಂದು ನೋಡುತ್ತ ಕೂತರೆ ನನ್ನ ಹಂಚಿನ ಮೇಲಿನ ರೊಟ್ಟಿ ಸೀದುಹೋಗುತ್ತದೆ ಎಂದು ವಾದಿಸಿ, ಮಾವನ ಕಾಲದ ಟಿವಿಯ ಮೇಲೆ ಹಿಟ್ಟಿನ ಬೋಗುಣಿ ಇಡಲು ಶುರು ಮಾಡಿದವಳೂ ನಾನೇ. ಊರ ಬಾಯಲ್ಲಿ ನನ್ನ ಹೆಸರು ಡಬ್ಬಿ ಇಲ್ಲದ ನೀಲಗಂಗವ್ವ ಎಂದೇ ಇತ್ತು.

ನಮ್ಮೂರಿನ ಟಿವಿಯಲ್ಲಿ ಸಿನಿಮಾ ಬರುವುದಿಲ್ಲ, ಸುದ್ದಿ ಬರುವುದಿಲ್ಲ. ಡಬ್ಬಿ ಹಚ್ಚಿದರೆ ಊರಿನದೇ ಇನ್ನೊಂದು ಮನೆ ಕಾಣುತ್ತದೆ. ಯಾವ ಮನೆ ಎಂಬುದು ಡಬ್ಬಿ ಇಟ್ಟ ಜಾಗದ ಮೇಲೆ ಹೋಗುತ್ತದೆ. ಅದಕ್ಕೆ ಪಾಲಿಗೆ ಬಂದ ಮನೆ ಎನ್ನುತ್ತಾರೆ. ನಿಮ್ಮಲ್ಲಿ ಡಬ್ಬಿ ಇರಲಿ ಬಿಡಲಿ, ನಿಮ್ಮ ಮನೆ ಯಾರದೋ ಪಾಲಿಗೆ ಬಂದೇ ಇರುತ್ತದೆ. ಹಾಗಾಗಿ ನಮ್ಮೂರ ಹೆಂಗಸರು ಪಾತ್ರೆ ತಿಕ್ಕುವಾಗಲೂ ಒಳ್ಳೆಯ ಸೀರೆ ಉಡುತ್ತಾರೆ, ಗಂಡಸರು ಹರಿದ ಬನಿಯನ್ ಹಾಕುವುದಿಲ್ಲ, ಗಂಡ ಹೆಂಡಿರಿಗೆ ಜಗಳ ಬಂದರೆ ಬಚ್ಚಲಿಗೆ ಹೋಗಿ ಜಗಳಾಡುತ್ತಾರೆ. ಬಚ್ಚಲು ಮಾತ್ರ ಯಾವ ಡಬ್ಬಿಯಲ್ಲೂ ಕಾಣುವುದಿಲ್ಲ, ಅಷ್ಟು ಪುಣ್ಯ.

ಇದಕ್ಕೆಲ್ಲ ಊರಿನ ಕಟ್ಟಳೆಯೂ ಇದೆ. ಕಂಡ ಮನೆಯ ಮಾತು ಕಂಡವರ ಹೊಸ್ತಿಲು ದಾಟಬಾರದು. ಒಮ್ಮೆ ಸಂತೆಯಲ್ಲಿ ಗುರುತಿಲ್ಲದ ಮುದುಕನೊಬ್ಬ ನನ್ನ ಪಕ್ಕ ನಿಂತು ಬದನೆಕಾಯಿ ಆರಿಸುತ್ತ, "ಮೂಗುತಿ ಜೋಳದ ಚೀಲದ ಹಿಂದ ಬಿದ್ದೈತಿ" ಎಂದು ಉಸುರಿ, ನಾಲಿಗೆ ಕಚ್ಚಿಕೊಂಡು ಬದನೆಕಾಯಿ ಅಲ್ಲೇ ಬಿಟ್ಟು ಓಡಿಹೋದ. ನಾನು ಹುಡುಕುತ್ತಿದ್ದ ಮೂಗುತಿ ಅಲ್ಲೇ ಸಿಕ್ಕಿತು. ಆ ಪುಣ್ಯಾತ್ಮನನ್ನು ಮತ್ತೆಂದೂ ಕಾಣಲಿಲ್ಲ. ಇನ್ನೊಂದು ಕಟ್ಟಳೆ, ಯಾರ ಮನೆಯ ಬಾಗಿಲನ್ನೂ ತಟ್ಟಬಾರದು. ತಟ್ಟಿದರೆ, ಆ ಮನೆಯನ್ನು ನೋಡುತ್ತಿರುವವರಿಗೆ ಕಣ್ಣಿಲ್ಲ ಎಂದು ಬೈದ ಹಾಗೆ. ನೋಡುವವರಿದ್ದ ಮನೆಗೆ ಕೇಡಿಲ್ಲ ಎಂದು ನಮ್ಮಲ್ಲಿ ಗಾದೆಯೇ ಇದೆ. ಮನೆ ಮನೆಗೆ ರೊಟ್ಟಿ ಮಾರುವ ನನ್ನಂಥವರಿಗೆ, ಹಾಲಿನವರಿಗೆ ಹಿತ್ತಲ ಬಾಗಿಲು ಉಂಟು. ಬೀಗರು, ಬಂಧುಗಳು ಮಾತನಾಡಬೇಕೆಂದರೆ ಸಂತೆಯಲ್ಲೇ ಮಾತಾಡುತ್ತಾರೆ.

ನನ್ನ ತಂಗಿ ಶಿವಲೀಲಾಳನ್ನು ಇದೇ ಊರಿನ ಕೆರೆಯಾಚೆಯ ಓಣಿಗೆ ಕೊಟ್ಟಿತ್ತು. ಗಂಡ ಬಸಲಿಂಗಪ್ಪ ಹತ್ತಿ ಗಿರಣಿಯಲ್ಲಿ ತೂಕದ ಕಾಟಾ ನೋಡಿಕೊಳ್ಳುವವನು. ಪ್ರತಿ ಸಂತೆಗೂ ಲೀಲಾ ಸೊಪ್ಪಿನವರ ಸಾಲಿಗೆ ಬರುತ್ತಿದ್ದಳು. ಇಬ್ಬರೂ ಒಂದೇ ಮೆಂತ್ಯದ ಕಟ್ಟಿಗೆ ಚೌಕಾಸಿ ಮಾಡುತ್ತ ಅರ್ಧ ತಾಸು ಕಳೆಯುತ್ತಿದ್ದೆವು. ಗಂಡನ ಕೈ ಮುಂದು ಎಂದು ನನಗೆ ಗೊತ್ತಿತ್ತು, ಅವಳ ತೋಳಿನ ಮೇಲೆ ಅದರ ಗುರುತೂ ಕಂಡಿದ್ದೆ. ಕೇಳಿದರೆ, "ಬಿಡ ಅಕ್ಕಾ, ನೋಡೋರಿದ್ದಾರ, ನಮ್ಮನಿಯವ್ರು ಭಾಳ ದೂರ ಹೋಗಂಗಿಲ್ಲ" ಎನ್ನುತ್ತಿದ್ದಳು. ಯುಗಾದಿ ಕಳೆದ ಮೇಲೆ ಅವಳು ಸಂತೆಗೆ ಬರುವುದು ನಿಂತಿತು. ಫೋನು ಮಾಡಿದರೆ ಬಸಲಿಂಗಪ್ಪನೇ ಎತ್ತಿ, ಮಲಗಿದ್ದಾಳೆ ಎಂದು ಇಟ್ಟುಬಿಡುತ್ತಿದ್ದ.

ಕಟ್ಟಳೆ ಗಿಟ್ಟಳೆ ಎಲ್ಲ ಗಂಟುಕಟ್ಟಿ ಒಂದು ಮಧ್ಯಾಹ್ನ ಹೋಗಿ ಅವರ ಬಾಗಿಲು ತಟ್ಟಿಯೇಬಿಟ್ಟೆ. ಬಸಲಿಂಗಪ್ಪ ಬಾಗಿಲನ್ನು ಮುಖದಷ್ಟು ಮಾತ್ರ ತೆರೆದ.

"ಏನ್ ನೀಲಕ್ಕಾರ, ಬಾಗಲಾ ಬಡ್ಯಾಕತ್ತೀರಿ? ಊರೆಲ್ಲಾ ನೋಡಾಕತ್ತೈತಿ ನಮ್ಮನೀನ. ಊರಿಗೆ ಕಾಣದ್ದು ನೀವೊಬ್ರು ಬಂದು ಏನ್ ನೋಡೋರು?"

"ಲೀಲಾನ್ನ ಒಂದೀಟು ಕರೀರಿ. ಮಾರಿ ನೋಡಿ ಹೋಗ್ತೀನಿ."

"ಅಕಿಗೆ ನಿಮ್ಮ ಮಾರಿ ಬ್ಯಾಡಂತ" ಎಂದು ಬಾಗಿಲು ಹಾಕಿಕೊಂಡ. ಎದುರು ಮನೆಯ ಕಿಟಕಿಯಿಂದ ಒಬ್ಬಾಕೆ ನನ್ನನ್ನು ಕಳ್ಳಿಯನ್ನು ನೋಡುವ ಹಾಗೆ ನೋಡಿದಳು. ಆವತ್ತೇ ತೀರ್ಮಾನ ಮಾಡಿದೆ, ಬಾಗಿಲಿನಿಂದ ಕಾಣದಿದ್ದರೆ ಡಬ್ಬಿಯಿಂದಲೇ ಕಾಣುತ್ತೇನೆ ಎಂದು.

ದಸ್ತಗೀರ್ ಕಾಕಾನ ಅಂಗಡಿಗೆ ನಾವಿಬ್ಬರೂ ಹೋದೆವು. ಯಜಮಾನರಿಗೆ ಗೋಡೆಗೆ ಬಡಿಯುವ ದೊಡ್ಡ ಡಬ್ಬಿಯ ಮೇಲೆ ಕಣ್ಣು. ಚಿತ್ರ ಕನ್ನಡಿಯಂತೆ ತಿಳಿ, ದನಿಯಂತೂ ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವುದೂ ಕೇಳುವಂಥದು. ಆದರೆ ಒಮ್ಮೆ ಗೋಡೆಗೆ ಬಡಿದರೆ ಮುಗಿಯಿತು, ಪಾಲಿಗೆ ಬಂದ ಮನೆಯೇ ಜನ್ಮಪೂರ್ತಿ. ಬೆಲೆ ಕೇಳಿದ ಮೇಲೆ ಯಜಮಾನರು ಅದರ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಅದಕ್ಕಿಂತ ಕೆಳಗಿನದು ಕಪಾಟಿನಲ್ಲಿಡುವ ಡಬ್ಬಿ, ಅದೂ ಭಾರ, ಅದಕ್ಕೆ ಬೇರೆ ಕಂಬಿಯ ಕೊಂಡಿ ಬೇಕು.

"ಎತ್ಕೊಂಡು ತಿರುಗಾಡೋವಂಥಾದ್ದು ಐತೇನ ಕಾಕಾ?" ಎಂದೆ.

ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ನನ್ನ ಕಡೆ ತಿರುಗಿ ನೋಡಿದರು. ಕಾಕಾ ಮೇಜಿನ ಕೆಳಗೆ ಬಗ್ಗಿ, ಎಲೆಯಡಿಕೆಯ ಡಬ್ಬಿಯಷ್ಟು ಗಾತ್ರದ ಒಂದು ಕರಿ ಡಬ್ಬಿಯನ್ನು ತೆಗೆದು, ಅದನ್ನು ಕೈಯಲ್ಲಿ ಮುಚ್ಚಿಟ್ಟುಕೊಂಡೇ ತೋರಿಸಿದ. ಮರ್ಯಾದಸ್ಥರು ಅದನ್ನು ಕೊಳ್ಳುವುದಿಲ್ಲ. ಪಾಲಿಗೆ ಬಂದದ್ದನ್ನು ಬಿಟ್ಟು ಬೇಕಾದ ಮನೆ ಹುಡುಕುತ್ತ ಅಲೆಯುವವರ ಡಬ್ಬಿ ಅದು.

"ನೋಡ ನೀಲಗಂಗವ್ವಾ, ಸಸ್ತಾ ಐತಿ, ಹಗರೈತಿ, ವೈರ್ ಒಂದಾ, ಯಾವ ಟಿವಿಗಾದ್ರೂ ಹಚ್ಚು. ಪಕ್ಕದ ಮನೀಗೆ ಒಯ್ದು ಹಚ್ಚಿದ್ರ ಕಾಣೂ ಮನೀನೂ ಪಕ್ಕದ್ದಾಕ್ಕೈತಿ. ಆದ್ರ ಚಿತ್ರ ನಿಂತು ನಿಂತು ಬರ್ತೈತಿ, ನಡುವ ಚಕ್ರ ತಿರಗ್ತೈತಿ. ಮತ್ತ ದನಿ ಇಲ್ಲ."

"ದನಿ ಬರೂದು ಬೇಕಂದ್ರ?"

"ದನಿ ಬೇಕಂದ್ರ ಗ್ವಾಡಿಗೆ ಬಡದಿದ್ದು ತಗೋ. ಎರಡೂ ಕೂಡಿ ಇರೂದು ಯಾವ ಕಂಪನಿನೂ ಮಾಡಂಗಿಲ್ಲ." ಆಮೇಲೆ ದನಿ ತಗ್ಗಿಸಿ, "ಯಾರನ್ನ ಹುಡಕ್ತಿ ಅಂತ ನಾ ಕೇಳಂಗಿಲ್ಲವ್ವಾ. ಹುಡಿಕ್ಯಾಡಿ ನೋಡಿದವ್ರು ಯಾರೂ ನಕ್ಕೊಂತ ಈ ಡಬ್ಬಿ ವಾಪಸ್ ಕೊಟ್ಟಿಲ್ಲ" ಎಂದ.

ನನಗೆ ನಗು ಬೇಕಿರಲಿಲ್ಲ, ತಂಗಿಯ ಮುಖ ಬೇಕಿತ್ತು. ಕೈಯಾಡಿಸಿದರೆ ಸಾಕು, ನಡೆದಾಡಿದರೆ ಸಾಕು, ಮಾತು ಕೇಳದಿದ್ದರೂ ನಡೆಯುತ್ತದೆ ಎಂದುಕೊಂಡೆ. ಆ ಕರಿ ಡಬ್ಬಿಯನ್ನೇ ಕೊಂಡು ಸೆರಗಿನೊಳಗೆ ಮುಚ್ಚಿಕೊಂಡು ಬಂದೆ. ಯಜಮಾನರು ದಾರಿಯುದ್ದಕ್ಕೂ ನನ್ನಿಂದ ನಾಲ್ಕು ಮಾರು ಹಿಂದೆ, ಯಾರೋ ಬೇರೆಯವರ ಗಂಡನೇನೋ ಎಂಬಂತೆ ನಡೆದರು.

ನಮ್ಮ ಮನೆಯಲ್ಲಿ ಹಚ್ಚಿದಾಗ ಬಂದದ್ದು ಒಬ್ಬ ದರ್ಜಿಯ ಮನೆ. ಪಾಪ, ಅವನು ಹೊಲಿಗೆ ಮಷಿನ್ನಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದ. ಮರುದಿನದಿಂದ ರೊಟ್ಟಿ ಬುಟ್ಟಿಯಲ್ಲಿ ಬಟ್ಟೆಯ ಕೆಳಗೆ ಡಬ್ಬಿ ಇಟ್ಟುಕೊಂಡು ಹೊರಟೆ. ಹಿತ್ತಲ ಬಾಗಿಲಲ್ಲಿ ರೊಟ್ಟಿ ಎಣಿಸಿಕೊಟ್ಟು, "ಅವ್ವಾ, ನಿಮ್ಮ ಟಿವಿ ಒಂದೀಟು ಕೊಡ್ರಿ, ಡಬ್ಬಿ ನೋಡ್ತೀನಿ, ಹೊಸಾದೈತಿ, ಕೆಟ್ಟೈತೇನೋ" ಎಂದು ಸುಳ್ಳು ಹೇಳುತ್ತಿದ್ದೆ. ಕೆಲವರು ಮುಖ ಸಿಂಡರಿಸಿದರು. ರೊಟ್ಟಿಗೆ ನೆಂಚಿಕೊಳ್ಳುವ ಶೇಂಗಾ ಹಿಂಡಿಯ ಪೊಟ್ಟಣ ಕೈಗಿಟ್ಟರೆ ಹೆಚ್ಚಿನವರು ಒಪ್ಪಿಕೊಂಡರು, ಹಿಂಡಿಗೆ ಕಟ್ಟಳೆ ಇಲ್ಲ. ಹೀಗೆ ಊರಿನ ಅರ್ಧ ಮನೆಗಳನ್ನು ನಾನು ನೋಡಿದೆ. ಏನು ಕಂಡೆ ಎಂದರೆ ಏನೂ ಇಲ್ಲ. ಒಬ್ಬಳು ಮಗುವಿಗೆ ಎಣ್ಣೆ ತಿಕ್ಕುತ್ತಿದ್ದಳು. ಒಬ್ಬಾತ ದೇವರ ಜಗುಲಿಯ ಮುಂದೆ ನಿಂತು ದಕ್ಷಿಣೆಯ ಬಟ್ಟಲಿನಿಂದ ಚಿಲ್ಲರೆ ತೆಗೆದುಕೊಂಡ. ಒಬ್ಬ ಅಜ್ಜಿ ಖಾಲಿ ಕುರ್ಚಿಯ ಜೊತೆ ಮಾತಾಡುತ್ತಿದ್ದಳು. ನನಗೆ ಯಾರನ್ನೂ ನೋಡುವ ಆಸೆ ಹುಟ್ಟಲಿಲ್ಲ, ಲೀಲಾ ಅಲ್ಲವಲ್ಲ ಎಂಬ ಸಿಟ್ಟೊಂದೇ.

ಕೊನೆಗೆ ನಮ್ಮ ಪೇಟೆಯ ಹಿಂದಿನ ವಾಡೆಯ ಓಣಿಯಲ್ಲಿ ಒಂದು ಮನೆಯ ಟಿವಿಗೆ ಹಚ್ಚಿದಾಗ ನಾನು ಟಿವಿಗೆ ಮುಖವಿಟ್ಟು ನೋಡಿದೆ. ಕಂಡ ಅಂಗಳದಲ್ಲಿ ಹಸಿರು ಬಣ್ಣದ ಕೈಪಂಪು ಇತ್ತು. ಅದು ಲೀಲಾಳ ಮಗ್ಗುಲ ಮನೆಯ ಪಂಪು, ಅವಳ ಮದುವೆಯ ದಿನ ಅಲ್ಲೇ ನಾನು ಕಾಲು ತೊಳೆದಿದ್ದೆ. ಅಂದರೆ ಇನ್ನೊಂದು ಮನೆ ಸರಿದರೆ ಸಾಕು. ನಾನು ನಿಂತಿದ್ದ ಮನೆಯ ಪಕ್ಕದ್ದು ತುಂಗಾಬಾಯಿಯವರದು. ವಯಸ್ಸಾದವರು, ಒಬ್ಬರೇ ಇರುವವರು, ಬಹಳ ದೈವಭಕ್ತರು. ವರ್ಷಗಳಿಂದ ನನ್ನ ಹತ್ತಿರ ರೊಟ್ಟಿ ಕೊಳ್ಳುತ್ತಾರೆ. ಅವರ ಹಿತ್ತಲಿಗೆ ಹೋಗಿ ಅದೇ ಸುಳ್ಳು ಹೇಳಿದೆ.

"ಬಾ ಬಾ ನೀಲಾ. ಹಚ್ಚು, ಅದಕ್ಕೇನಾತು" ಎಂದು ತಮ್ಮ ಟಿವಿಯಿಂದ ಗೋಡೆಯ ಡಬ್ಬಿಯ ವೈರು ಕಿತ್ತು ನನಗೆ ಜಾಗ ಮಾಡಿಕೊಟ್ಟರು.

ಚಕ್ರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಆಮೇಲೆ ಲೀಲಾಳ ಅಡುಗೆಮನೆ ಬಂತು. ಒಲೆಯ ಪಕ್ಕ ನೆಲದ ಮೇಲೆ ಕೌದಿ, ಕೌದಿಯ ಮೇಲೆ ನನ್ನ ತಂಗಿ. ಒಂದು ಕಾಲು ಇರಬಾರದ ರೀತಿಯಲ್ಲಿ ಹೊರಳಿಕೊಂಡಿತ್ತು, ಮೊಣಕಾಲಿನ ಕೆಳಗೆ ಕಪ್ಪಾಗಿ ಬಾತಿತ್ತು. ಮೈಯಲ್ಲಿ ಎಲುಬು ಬಿಟ್ಟರೆ ಏನೂ ಇರಲಿಲ್ಲ. ಕೈಗೆ ಎಟುಕುವಲ್ಲಿ ಒಂದು ನೀರಿನ ತಂಬಿಗೆ, ಅದೂ ಮಗುಚಿಬಿದ್ದಿತ್ತು. ಅವಳು ಮೇಲಿನ ಮೂಲೆಯ ಕಡೆ, ಅಂದರೆ ನೇರ ನನ್ನ ಕಡೆಗೆ ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದಳು. ನೋಡುವವರು ಆ ಮೂಲೆಯಲ್ಲಿರುತ್ತಾರೆ ಎಂದು ನಮ್ಮೂರಲ್ಲಿ ನಂಬಿಕೆ.

"ಅಯ್ಯ, ನಿನ್ನ ಡಬ್ಬಿಗೂ ಇಕೀನೇ ಬಂದ್ಲಲ್ಲ!" ಎಂದರು ತುಂಗಾಬಾಯಿ, ತಮ್ಮ ಮನೆಯ ಹುಡುಗಿಯನ್ನು ಬೇರೆಯವರೂ ಮೆಚ್ಚಿದರೆಂಬಂತೆ. "ನನ್ನ ಪಾಲಿನ ಮನಿ ಇದು. ಮೂರು ವರ್ಷಾತು. ಈ ಸಾಲಿನಾಗ ಗ್ವಾಡಿ ಡಬ್ಬಿ ಇದ್ದ ಇನ್ನೂ ನಾಕೈದು ಮನಿಗೂ ಇದೇ ಬೀಳ್ತದ. ಭಾಳ ಒಳ್ಳೆ ಹುಡಿಗಿ ನೋಡು. ಅಕಿ ಉಂಡಾಗ ನಾನೂ ಉಣ್ತಿದ್ದೆ, ಒಬ್ಬಾಕಿ ಇದ್ದೀನಿ ಅಂತ ಎಂದೂ ಅನಿಸಿಲ್ಲ ನನಗ. ಗಂಡ ಹೊಡದ ದಿವ್ಸ ನಾ ಒಲಿ ಹಚ್ಚಂಗಿಲ್ಲ. ಈ ಸಾಲಿನವ್ರು ಯಾರೂ ಹಚ್ಚಂಗಿಲ್ಲ. ಅಷ್ಟಾದ್ರೂ ಮಾಡಬೇಕಲ್ಲ ನಾವು."

ಆಗ ನನಗೆ ಹೊಳೆಯಿತು. ಆ ಓಣಿಯ ನಾಲ್ಕೈದು ಮನೆಯವರು ಆಗಾಗ ಒಂದೇ ದಿನ, ಇವತ್ತು ರೊಟ್ಟಿ ಬೇಡ ಎಂದು ಹೇಳಿ ಕಳಿಸುತ್ತಿದ್ದರು. ಏನೋ ವ್ರತವಿರಬೇಕೆಂದು ನಾನು ಆ ರೊಟ್ಟಿಗಳನ್ನು ಬೇರೆ ಕಡೆ ಮಾರಿಕೊಂಡು ಬರುತ್ತಿದ್ದೆ. ನನ್ನ ತಂಗಿಗೆ ಪೆಟ್ಟು ಬಿದ್ದ ದಿನಗಳು ಅವು.

"ಹಿಂಗಾಗಿದ್ದು ಯಾವಾಗ ಬಾಯಾರ?" ಎಂದೆ.

"ಯುಗಾದಿ ಆದ ಮ್ಯಾಲ. ಅಂವಾ ದೂಡಿದಾ, ಕಟ್ಟೀ ಮ್ಯಾಲಿಂದ ಬಿದ್ಲು, ಕಾಲು ಮುರೀತು. ದವಾಖಾನಿಗೆ ಒಯ್ಯಲೇ ಇಲ್ಲ ನೋಡು ಪಾಪಿ. ಅವತ್ತ ನಾನು ನೀರು ಸುದ್ಧಾ ಕುಡೀಲಿಲ್ಲ."

"ಏನೋ ಹೇಳಾಕತ್ತಾಳಲ್ಲ ಅಕಿ."

"ದೇವರ ನಾಮಾ ಅಂತೀನಿ ನಾನು. ದಿನಾ ಇದೇ ಹೊತ್ತಿಗೆ ಹಿಂಗ ಮ್ಯಾಲ ನೋಡಿ ತುಟಿ ಅಲ್ಲಾಡಸ್ತಾಳ. ನಾನೂ ಇಲ್ಲಿಂದ ಕೈ ಮುಗೀತೀನಿ."

"ನಿಮ್ಮದಕ್ಕ ದನಿ ಇಲ್ಲೇನು?"

"ಅದ. ಬಿದ್ದ ದಿವ್ಸ ಚೀರಿದ್ಲು ನೋಡು, ನನ್ನ ಬಿ.ಪಿ. ಏರಿ ತಲಿ ತಿರಗಿ ಬಿದ್ದೆ. ಡಾಕ್ಟರು, ಬಾಯಾರ, ನೋಡೂದು ನೋಡ್ರಿ, ದನಿ ಬಂದ್ ಮಾಡ್ರಿ ಅಂದ್ರು. ಅವತ್ತಿನಿಂದ ಬಂದ್ ಇಟ್ಟೀನಿ. ಈ ಸಾಲಿನವ್ರೆಲ್ಲಾ ಬಂದ್ ಇಟ್ಟಾರ. ಕೇಳ್ಲಿಕ್ಕೆ ಆಗಂಗಿಲ್ಲ ನೀಲಾ, ಕರುಳು ಚುರುಕ್ ಅಂತದ."

ನನ್ನ ಡಬ್ಬಿಯ ವೈರು ಕಿತ್ತೆಸೆದು ಅವರದನ್ನು ಸಿಕ್ಕಿಸಿದೆ. ಅವರ ಕೈಯಿಂದ ರಿಮೋಟು ಕಸಿದುಕೊಂಡು ದನಿಯ ಗುಂಡಿ ಒತ್ತಿ ಹಿಡಿದೆ. ಚಿತ್ರ ತಿಳಿಯಾಯಿತು, ಆಮೇಲೆ ದನಿ ಬಂತು, ಒಣಗಿದ ಗಂಟಲಿನ ದನಿ.

"ಯಾರ್ ನೋಡಾಕತ್ತೀರಿ, ಎಪ್ಪಾ, ಎವ್ವಾ, ನಿಮ್ಮ ಕಾಲಿಗೆ ಬೀಳ್ತೀನಿ. ಪ್ಯಾಟಿ ಹಿಂದ ಹುಣಸೀಕಟ್ಟಿ ಓಣ್ಯಾಗ ರೊಟ್ಟಿ ಮಾಡೂ ನೀಲಗಂಗಾ ಅದಾಳ, ನಮ್ಮಕ್ಕ. ಅಕಿಗೊಂದು ಮಾತು ಹೇಳ್ರಿ. ನೀವು ಬರೂದು ಬ್ಯಾಡ್ರಿ, ಹೇಳಿದ್ರ ಸಾಕು, ಅಕಿ ಬರ್ತಾಳ. ಯಾರ್ ನೋಡಾಕತ್ತೀರಿ, ಎಪ್ಪಾ, ಎವ್ವಾ..."

ಅದನ್ನೇ ಮೊದಲಿನಿಂದ ಮತ್ತೆ ಹೇಳಿದಳು. ಪ್ರತಿದಿನ ಇದೇ ಹೊತ್ತಿಗೆ ಎಂದರಲ್ಲ ಬಾಯಿಯವರು, ಅದು ನಾನು ರೊಟ್ಟಿ ಬುಟ್ಟಿ ಹೊತ್ತು ಇದೇ ಓಣಿಯಲ್ಲಿ ತಿರುಗುವ ಹೊತ್ತು. ತುಂಗಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡು ನೆಲದ ಮೇಲೆ ಕೂತುಬಿಟ್ಟರು. "ನಿನ್ನ ತಂಗೀ ಏನು? ನನಗ ಗೊತ್ತಿದ್ದಿಲ್ಲವಾ. ದೇವರಾಣಿ ಗೊತ್ತಿದ್ದಿಲ್ಲ" ಎಂದು ಅಳತೊಡಗಿದರು. ನನಗೆ ಅವರನ್ನು ಹೊಡೆಯಬೇಕೆನಿಸಿತು. ಹೊಡೆಯುವಷ್ಟು ಸಮಯವೂ ಇರಲಿಲ್ಲ. ಬುಟ್ಟಿ ಅಲ್ಲೇ ಬಿಟ್ಟು, ಆಟೋ ತೆಗೆದುಕೊಂಡು ಬರಲು ಯಜಮಾನರಿಗೆ ಫೋನು ಮಾಡುತ್ತ ಕೆರೆಯ ಏರಿಯ ಮೇಲೆ ಓಡಿದೆ.

ಬಾಗಿಲಿಗೆ ಹೊರಗಿನಿಂದ ಬೀಗ. ಬಸಲಿಂಗಪ್ಪ ಗಿರಣಿಗೆ ಹೋಗಿದ್ದ. ನಾನು ಓಣಿಯ ನಡುವೆ ನಿಂತು ಯಾರಾದರೂ ಬರ್ರಿ, ಒಂದು ಹಾರೆ ಕೊಡ್ರಿ ಎಂದು ಕೂಗಿದೆ. ಒಂದು ಬಾಗಿಲೂ ತೆರೆಯಲಿಲ್ಲ. ಪಂಪಿನ ಮನೆಯವರ ಕಟ್ಟೆಯ ಮೇಲಿದ್ದ ರುಬ್ಬುವ ಗುಂಡು ಎತ್ತಿಕೊಂಡು ಬಂದು ಬೀಗದ ಮೇಲೆ ಹಾಕಿದೆ, ಕೈ ಒಡೆದು ರಕ್ತ ಬರುವವರೆಗೆ ಹಾಕಿದೆ. ಕೊನೆಗೆ ಬೀಗ ಗಟ್ಟಿಯಾಗಿ ಉಳಿದು ಚಿಲಕವೇ ಕಿತ್ತುಬಂತು. ಮುಂದೆ ಕೋರ್ಟಿನಲ್ಲಿ ಇಷ್ಟು ಮನೆಯವರಲ್ಲಿ ಒಬ್ಬರೂ ಸಾಕ್ಷಿ ಹೇಳಲು ಬರಲಿಲ್ಲ, ಕಂಡ ಮನೆಯ ಮಾತು ಹೊಸ್ತಿಲು ದಾಟಬಾರದಲ್ಲ. ಬಸಲಿಂಗಪ್ಪ ಈಗಲೂ ಅದೇ ಗಿರಣಿಯಲ್ಲಿ ಹತ್ತಿ ತೂಗುತ್ತಾನೆ.

ಒಳಗಿನ ವಾಸನೆಗೆ ನಾನು ಒಂದು ಗಳಿಗೆ ಗೋಡೆ ಹಿಡಿದು ನಿಂತೆ. ಲೀಲಾ ಇನ್ನೂ ಮೂಲೆಯ ಕಡೆಯೇ ನೋಡುತ್ತಿದ್ದಳು. ಅವಳ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಾಗ ಮೈ ಕಾದ ಹಂಚಿನಂತಿತ್ತು. ಸೆರಗಿನ ತುದಿಯನ್ನು ಕೊಡದ ನೀರಿನಲ್ಲಿ ಅದ್ದಿ ತುಟಿಗೆ ಹಿಂಡಿದೆ. ಎರಡು ಹನಿ ಒಳಗೆ ಹೋದ ಮೇಲೆ ನನ್ನನ್ನು ಗುರುತು ಹಿಡಿದಳು.

"ಬಂದಿ ಅಕ್ಕಾ?"

"ಬಂದ್ಯವ್ವಾ. ಆಟೋ ಬರಾಕತ್ತೈತಿ, ದವಾಖಾನಿಗೆ ಹೋಗೂಣು."

"ಹೇಳಿದ್ರು ನಿನಗ? ಯಾರ್ ಬಂದು ಹೇಳಿದ್ರು?"

ನನಗೆ ಸುಳ್ಳು ಹೇಳಿ ರೂಢಿಯಾಗಿತ್ತು, ಹಿತ್ತಲು ಹಿತ್ತಲಿಗೆ ಹೇಳಿದ್ದೆ.

"ಎಲ್ಲಾರೂ ಬಂದಿದ್ರು" ಎಂದೆ. "ಒಬ್ರಲ್ಲ ಇಬ್ರಲ್ಲ. ಮುಂಜಾನೆದ್ದು ಬಾಗಲಾ ತಗದ್ರ ನಮ್ಮ ಓಣಿ ತುಂಬ ಮಂದಿ. ನಿನ್ನ ತಂಗಿ ಕರ್ಯಾಕತ್ತಾಳ, ಲಗೂನ ಹೋಗು ಅಂತ ಒಬ್ಬರ ಮ್ಯಾಲೊಬ್ರು ಬಿದ್ದು ಹೇಳಿದ್ರು."

"ಬಾಗಲಾ ಬಡದ್ರೇನು?"

"ಬಡದ್ರು. ಮುರಿಯೂಹಂಗ ಬಡದ್ರು."

ಅವಳ ಮುಖದಲ್ಲಿ ಏನೋ ಬೆಳಗಿತು. ಚಿಕ್ಕಂದಿನಲ್ಲಿ ಕವಡೆಯಾಟದಲ್ಲಿ ನನ್ನ ಕಾಯಿ ಹೊಡೆದಾಗ ಹೀಗೇ ನಗುತ್ತಿದ್ದಳು.

"ನಾ ಅಂದಿದ್ದೆ ಅಕ್ಕಾ ನಮ್ಮನಿಯವ್ರಿಗೆ. ನೋಡೋರಿದ್ದಾರ, ಅವ್ರು ಸುಮ್ಮನ ಕುಂದ್ರಂಗಿಲ್ಲ ಅಂತ. ಒದರಕೋ, ಒಂದು ನಾಯಿ ಸೈತ ಬರಂಗಿಲ್ಲ ಅಂತ ನಗ್ತಿದ್ರು." ಉಸಿರು ಸಿಕ್ಕಿಕೊಂಡಿತು. "ಕಡೀಕ ಯಾರ ಮಾತು ಖರೇ ಆತು, ಹೇಳು?"

"ನಿಂದವ್ವಾ. ನಿನ್ನ ಮಾತಾ ಖರೇ ಆತು."

"ಅವ್ರು ಮನಿಗೆ ಬರ್ಲಿ, ಹೇಳು ಮತ್ತ" ಎಂದಳು. ಆಮೇಲೆ ನನ್ನ ತೊಡೆಯ ಮೇಲಿಂದಲೇ ತಲೆ ಹೊರಳಿಸಿ, ಒಲೆಯ ಮೇಲಿನ ಆ ಮೂಲೆಯ ಕಡೆ ಎರಡೂ ಕೈ ಎತ್ತಿ ಜೋಡಿಸಿದಳು. "ಉಪಕಾರಾತ್ರೀ ಎಪ್ಪಾ, ಉಪಕಾರಾತ್ರೀ ಎವ್ವಾ. ನಿಮ್ಮ ಹೊಟ್ಟಿ ತಣ್ಣಗಿರ್ಲಿ" ಎಂದು ಅಲ್ಲಿದ್ದವರಿಗೆಲ್ಲ ಹೇಳಿದಳು. ತುಂಗಾಬಾಯಿಯವರದೊಂದು ಬಿಟ್ಟರೆ ಅವರಲ್ಲಿ ಯಾರ ಟಿವಿಗೂ ದನಿ ಇರಲಿಲ್ಲ. ತುಟಿ ಅಲ್ಲಾಡುವುದಷ್ಟೇ ಕಂಡಿರಬೇಕು, ದೇವರ ನಾಮ ಎಂದುಕೊಂಡಿರಬೇಕು.

ಯಜಮಾನರು ಆಟೋ ತಂದು ಬಾಗಿಲಿಗೆ ನಿಲ್ಲಿಸುವಷ್ಟರಲ್ಲಿ ಅವಳ ಉಸಿರು ನಿಂತು ಮೈಯ ಬಿಸಿ ಇಳಿದಿತ್ತು. ಎತ್ತಿಕೊಳ್ಳಲು ಅವರು ಬಗ್ಗಿದಾಗ, ಸ್ವಲ್ಪ ತಡೀರಿ ಎಂದೆ. ಆ ಮೂಲೆಯವರಿಗೆ ಮುಗಿದ ಕೈಗಳು ಹಾಗೇ ಇದ್ದವು, ನಾನು ಅವನ್ನು ಮೊದಲು ಬಿಡಿಸಿದೆ.